ಗರ್ಭನಿರೋಧಕ ಮಾತ್ರೆ ತಗೊಳ್ಳೋರು ಬೇರೆ ಔಷಧ ಶುರು ಮಾಡೋ ಮುಂಚೆ

ಬೆಂಗಳೂರಿನ ಶ್ರೀನಗರದಲ್ಲಿ ಹದಿನೆಂಟು ವರ್ಷದಿಂದ ಮೆಡಿಕಲ್ ಶಾಪ್ ನಡೆಸ್ತಿದ್ದೀನಿ. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗೋ ಹುಡುಗಿಯೊಬ್ಬಳು ತಿಂಗಳಿಗೊಂದು ಸ್ಟ್ರಿಪ್ ಗರ್ಭನಿರೋಧಕ ಮಾತ್ರೆ ತಗೋತಿದ್ದಳು. ಒಂದು ಸಂಜೆ ಚೀಟಿ ಮುಂದಿಟ್ಟು, "ಇದರ ಜೊತೆ ಅದೂ ಒಂದು ಕೊಡಿ ಅಕ್ಕ" ಅಂದಳು. ಚೀಟಿಯಲ್ಲಿದ್ದದ್ದು ಟಿಬಿ ಮಾತ್ರೆ.

"ಗರ್ಭನಿರೋಧಕ ಮಾತ್ರೆ ತಗೋತಿರೋದು ಡಾಕ್ಟರಿಗೆ ಹೇಳಿದ್ಯಾ?"

"ಬೇರೆ ಮಾತ್ರೆ ಏನಾದ್ರೂ ಇದೆಯಾ ಅಂತ ಕೇಳಿದ್ರು, ಇಲ್ಲ ಅಂದೆ. ಇದು ಕಾಯಿಲೆಗಲ್ವಲ್ಲ ಅಕ್ಕ."

ಮೂತ್ರ ಕೆಂಪಗೆ ಬಂದ್ರೆ ಹೆದರಬೇಡ ಅಂತ ಅವಳಿಗೆ ಹೇಳಿ ಕಳಿಸಿದ್ರು. ಟಿಬಿ ಮಾತ್ರೆಯಲ್ಲಿದ್ದು ಆ ಬಣ್ಣ ಕೊಡೋ ರಿಫಾಂಪಿಸಿನ್ನೇ ಗರ್ಭನಿರೋಧಕ ಮಾತ್ರೆಯ ದೊಡ್ಡ ಶತ್ರು. ಲಿವರ್‌ನಲ್ಲಿ ಔಷಧ ಒಡೆಯೋ ಕಿಣ್ವಗಳನ್ನ ಅದು ಹೆಚ್ಚಿಸುತ್ತೆ. ಆಗ ಮಾತ್ರೆಯ ಹಾರ್ಮೋನು ಬೇಗ ಬೇಗ ಕರಗಿಹೋಗುತ್ತೆ. ದಿನಾ ತಪ್ಪದೆ ನುಂಗಿದ್ರೂ ಬಸಿರಾಗಬಹುದು. ಟಿಬಿ ಚಿಕಿತ್ಸೆ ಸಾಮಾನ್ಯವಾಗಿ 6 ತಿಂಗಳು. ರಿಫಾಂಪಿಸಿನ್ ನಿಲ್ಲಿಸಿದ ಮೇಲೂ 4 ವಾರ ಈ ಪ್ರಭಾವ ಇರುತ್ತೆ. ಅಷ್ಟೂ ದಿನ ಕಾಪರ್-ಟಿ ಅಥವಾ 3 ತಿಂಗಳಿಗೊಮ್ಮೆ ಕೊಡೋ ಅಂತರಾ ಇಂಜೆಕ್ಷನ್ ಆಗಬಹುದಾ ಅಂತ ಡಾಕ್ಟರನ್ನ ಕೇಳಿ. ಎರಡೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಅದು ಆಗೋವರೆಗೆ ಕಾಂಡೋಮ್ ಬಿಡಬೇಡಿ. ಟಿಬಿ ಮಾತ್ರೆಯನ್ನಂತೂ ಒಂದು ದಿನವೂ ತಪ್ಪಿಸಬೇಡಿ.

ಫಿಟ್ಸ್ ಮಾತ್ರೆಗಳಲ್ಲೂ ಇದೇ ಕಥೆ: ಕಾರ್ಬಮಜೆಪಿನ್, ಫೆನಿಟಾಯಿನ್, ಫಿನೋಬಾರ್ಬಿಟೋನ್. ಲೆವೆಟಿರಾಸೆಟಾಮ್‌ನಿಂದ ಈ ತೊಂದರೆ ಇಲ್ಲ. ಲ್ಯಾಮೋಟ್ರಿಜಿನ್ ವಿಷಯ ತಿರುವುಮುರುವು. ಗರ್ಭನಿರೋಧಕ ಮಾತ್ರೆಯಲ್ಲಿರೋ ಈಸ್ಟ್ರೋಜನ್ನೇ ರಕ್ತದಲ್ಲಿ ಲ್ಯಾಮೋಟ್ರಿಜಿನ್ ಪ್ರಮಾಣ ಇಳಿಸುತ್ತೆ, ನಿಂತಿದ್ದ ಫಿಟ್ಸ್ ಮತ್ತೆ ಬರಬಹುದು. ಇವನ್ನ ತಗೊಳ್ಳೋರು ಯಾವುದನ್ನೂ ತಾವಾಗೇ ನಿಲ್ಲಿಸದೆ ನರರೋಗದ ಡಾಕ್ಟರಿಗೆ ತಿಳಿಸಲೇಬೇಕು. ಮನಸ್ಸಿನ ಬೇಸರಕ್ಕೆ ಅಂತ ಆನ್‌ಲೈನ್‌ನಲ್ಲಿ ತರಿಸೋ ಸೇಂಟ್ ಜಾನ್ಸ್ ವರ್ಟ್ ಗಿಡಮೂಲಿಕೆಯಾದ್ರೂ ನಿರಪಾಯ ಅಲ್ಲ, ಅದೂ ಹಾರ್ಮೋನು ಕರಗಿಸುತ್ತೆ. ಎಚ್‌ಐವಿಗೆ ಕೊಡೋ ಕೆಲವು ಔಷಧಗಳೂ ಹಾಗೇ.

ಆದ್ರೆ ಗಂಟಲುನೋವಿಗೆ ಅಮಾಕ್ಸಿಸಿಲಿನ್, ಅಜಿತ್ರೋಮೈಸಿನ್ ಬರೆದುಕೊಟ್ರೆ ಗಾಬರಿ ಬೇಡ. ಆ್ಯಂಟಿಬಯಾಟಿಕ್ ಅಂದ ಕೂಡಲೇ ಗರ್ಭನಿರೋಧಕ ಮಾತ್ರೆಯನ್ನೇ ನಿಲ್ಲಿಸಿಬಿಡೋರನ್ನ ನೋಡಿದ್ದೀನಿ, ಸಂಕಟ ಆಗುತ್ತೆ. ಇವು ಹಾರ್ಮೋನನ್ನ ಮುಟ್ಟಲ್ಲ. ವಾಂತಿ, ಭೇದಿ ಶುರುವಾದ್ರೆ ಮಾತ್ರ ಎಚ್ಚರ: ಗರ್ಭನಿರೋಧಕ ಮಾತ್ರೆ ನುಂಗಿ 3 ಗಂಟೆಯೊಳಗೆ ವಾಂತಿಯಾದ್ರೆ ಇನ್ನೊಂದು ತಗೊಳ್ಳಿ.

ರಿಫಾಂಪಿಸಿನ್ ಅಥವಾ ಆ ಫಿಟ್ಸ್ ಮಾತ್ರೆಗಳ ನಡುವೆ ರಕ್ಷಣೆ ಇಲ್ಲದೆ ಸೇರಿದ್ರೆ, ತುರ್ತು ಗರ್ಭನಿರೋಧಕ ಮಾತ್ರೆಯ ಬಲವೂ ಕಡಿಮೆ ಆಗುತ್ತೆ. 5 ದಿನದೊಳಗೆ ಕಾಪರ್-ಟಿ ಹಾಕಿಸೋದು ಹೆಚ್ಚು ಭರವಸೆ, ಆದಷ್ಟು ಬೇಗ ಡಾಕ್ಟರ ಹತ್ತಿರ ಹೋಗಿ.

ಮನೆಯಲ್ಲಿ ಗೊತ್ತಾಗಬಾರದು ಅಂತ ಸ್ಟ್ರಿಪ್ಪನ್ನ ಅಕ್ಕಿ ಡಬ್ಬಿಯಲ್ಲಿ ಇಡೋರಿದ್ದಾರೆ. ಅತ್ತೆ ಪಕ್ಕದಲ್ಲಿ ಕೂತಿದ್ರೆ ಡಾಕ್ಟರ ಮುಂದೆ ಬಾಯಿ ಬರಲ್ಲ, ನನಗೆ ಅರ್ಥ ಆಗುತ್ತೆ. ಸ್ಟ್ರಿಪ್ಪಿನ ಹಿಂಬದಿ, ಔಷಧದ ಹೆಸರು ಕಾಣೋ ಹಾಗೆ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮಾತೇ ಆಡದೆ ಫೋನನ್ನ ಡಾಕ್ಟರ ಕಡೆ ತಿರುಗಿಸಿ ಹಿಡಿದ್ರೂ ಸಾಕು. ಆ ಹುಡುಗಿ ಮಾರನೇ ದಿನ ಹಾಗೇ ಮಾಡಿದಳು.