ನೀರಿನ ಪಾಠಕ್ಕೆ ಚಾರ್ಟ್ ಬೇಡ, ಒಂದು ಬಾಟಲಿ ಸಾಕು

ಜೂನ್ 5ರ ಪರಿಸರ ದಿನ ಹತ್ತಿರ ಬಂತೆಂದರೆ ಶಾಲೆಗಳಲ್ಲಿ ಥರ್ಮೋಕೋಲಿನ ಭೂಮಿ ತಯಾರಾಗುತ್ತದೆ. ಮಕ್ಕಳು ‘ನೀರು ಉಳಿಸಿ’ ಅಂತ ಬಣ್ಣದಲ್ಲಿ ಬರೆದು ಗೋಡೆಗೆ ಅಂಟಿಸುತ್ತಾರೆ. ಮಾರನೇ ದಿನ ಅದೇ ಮಕ್ಕಳು ಸೋರುವ ನಲ್ಲಿಯ ಪಕ್ಕದಲ್ಲೇ ಓಡಾಡಿದರೂ ಅದರ ಕಡೆ ನೋಡುವುದಿಲ್ಲ. ತಪ್ಪು ಅವರದಲ್ಲ. ‘ನೈಸರ್ಗಿಕ ಸಂಪನ್ಮೂಲ’ ಅನ್ನುವ ಪದವನ್ನು ಬಾಯಿಪಾಠ ಮಾಡಿಸಿದ್ದೇವೆ, ನೀರನ್ನು ಅಳೆಯುವುದಕ್ಕೆ ಮಾತ್ರ ಕೊಟ್ಟೇ ಇಲ್ಲ.

ಮೂರರಿಂದ ಐದನೇ ತರಗತಿಯವರಿಗೆ ನಾನು ಈ ಪಾಠವನ್ನು ಹಲವು ವರ್ಷ ಮಾಡಿದ್ದೇನೆ. ಮಾಡುವ ಕ್ರಮ ಹೀಗಿದೆ.

ಮೊದಲು ನಲ್ಲಿ

ತೊಟ್ಟಿಕ್ಕುವ ನಲ್ಲಿ ಒಂದನ್ನು ಹುಡುಕಿ. ಕೆಳಗೆ ಲೋಟ ಇಟ್ಟು ಹತ್ತು ನಿಮಿಷ ಕಾಯಿರಿ. ಬಿದ್ದ ನೀರನ್ನು ಔಷಧಿ ಬಾಟಲಿಯ ಅಳತೆ ಮುಚ್ಚಳದಲ್ಲಿ ಅಳೆಯಿರಿ. 100 ಮಿ.ಲೀ. ಬಿದ್ದಿದ್ದರೆ ಗಂಟೆಗೆ 600, ದಿನಕ್ಕೆ 14 ಲೀಟರಿಗೂ ಜಾಸ್ತಿ. ಲೀಟರ್ ಅಂದರೆ ಮಗುವಿಗೆ ಅಂದಾಜು ಸಿಗುವುದಿಲ್ಲ. ಮನೆಯಿಂದ ಕೊಡ ತರಿಸಿ ಅದರಲ್ಲೇ ಲೆಕ್ಕ ಹೇಳಿಸಿ.

ಆಮೇಲೆ ನೀರುಗಂಟಿ

ಪಂಚಾಯಿತಿಯ ನೀರುಗಂಟಿಯವರನ್ನು ಒಂದು ಗಂಟೆ ಶಾಲೆಗೆ ಕರೆಯಿರಿ. ಬೋರ್‌ವೆಲ್ ಎಷ್ಟು ಅಡಿ, ಮೊದಲು ಎಷ್ಟು ಅಡಿಗೆ ನೀರು ಸಿಗುತ್ತಿತ್ತು, ಕರೆಂಟ್ ಹೋದರೆ ಏನು ಮಾಡುತ್ತಾರೆ, ಎಲ್ಲವನ್ನೂ ಮಕ್ಕಳೇ ಕೇಳಲಿ. ನೀವು ನಡುವೆ ಬಾಯಿ ಹಾಕಬೇಡಿ. ಬೆಂಗಳೂರಿನ ಮಕ್ಕಳಾದರೆ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಕೆಳಗಿನಿಂದ ಮೇಲಕ್ಕೆ ಪಂಪ್ ಆಗಿ ಬರುತ್ತದೆ ಅನ್ನುವುದನ್ನು ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿ.

ಮಳೆಮಾಪಕ: ಇಲ್ಲೇ ಎಲ್ಲರೂ ಎಡವುವುದು

ಮಳೆಮಾಪಕ ಮಾಡಿದ ಶಾಲೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಸರಿಯಾದ ಅಳತೆ ಕೊಡುವಂಥದ್ದು ಅಪರೂಪ. ಸ್ವಲ್ಪ ನಿಧಾನವಾಗಿ ಓದಿ.

ಎರಡು ಲೀಟರಿನ ತಂಪು ಪಾನೀಯದ ಬಾಟಲಿ ತೆಗೆದುಕೊಳ್ಳಿ. ಹೊಟ್ಟೆ ನೆಟ್ಟಗಿರಬೇಕು. ನಡುವೆ ಸೊಂಟದ ಹಾಗೆ ಸಣ್ಣಗಾಗುವ ಬಾಟಲಿ ಖಂಡಿತ ಬೇಡ, ಅಲ್ಲಿ ಅಳತೆ ಕೆಡುತ್ತದೆ. ಬಕೆಟ್ ಕೂಡ ಬೇಡ. ಅದರ ಬಾಯಿ ಅಗಲ, ತಳ ಕಿರಿದು. ಬಾಟಲಿಯ ಮೇಲ್ಭಾಗ ಬಾಗುವುದಕ್ಕೆ ಶುರುವಾಗುವ ಜಾಗದಲ್ಲಿ ಕತ್ತರಿಸಿ. ಇದು ದೊಡ್ಡವರ ಕೆಲಸ. ಅಂಚಿಗೆ ಟೇಪು ಸುತ್ತಿ. ಕತ್ತರಿಸಿದ ತುಂಡಿನ ಮುಚ್ಚಳ ತೆಗೆದು, ಮಗುಚಿ, ಆಲಿಕೆಯ ಹಾಗೆ ಒಳಗೆ ಕೂರಿಸಿ. ಚೆನ್ನಾಗಿ ಕಾಣುತ್ತದೆ ಅಂತ ಅಂಗಡಿಯಿಂದ ದೊಡ್ಡ ಆಲಿಕೆ ತಂದು ಇಟ್ಟವರಿದ್ದಾರೆ. ಬಾಯಿ ಅಗಲವಾದಷ್ಟೂ ನೀರು ಜಾಸ್ತಿ ಬೀಳುತ್ತದೆ, ಬಾಟಲಿ ಮಾತ್ರ ಅಷ್ಟೇ ಸಣ್ಣದು. ಆಮೇಲೆ ಐದು ಮಿ.ಮೀ. ಮಳೆ ಹದಿನೈದು ಅಂತ ತೋರಿಸುತ್ತದೆ.

ಈಗ ತಳ. ಅದು ಉಬ್ಬುತಗ್ಗಾಗಿರುತ್ತದೆ, ಅಲ್ಲಿಂದ ಅಳೆಯುವ ಹಾಗಿಲ್ಲ. ಸಣ್ಣ ಜಲ್ಲಿ ಹಾಕಿ, ಬಾಟಲಿ ನೆಟ್ಟಗಾಗುವ ಮಟ್ಟದವರೆಗೆ ನೀರು ತುಂಬಿ. ಒಂದು ಕಲ್ಲೂ ನೀರಿನಿಂದ ಮೇಲೆ ಇಣುಕಬಾರದು. ಆ ನೀರಿನ ಮಟ್ಟಕ್ಕೆ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಅದೇ ಸೊನ್ನೆ ಗೆರೆ.

ಸ್ಕೇಲು ಕಟ್ಟುವಾಗ ಇನ್ನೊಂದು ಎಡವಟ್ಟು ಆಗುತ್ತದೆ. ನಿಮ್ಮ ಕಂಪಾಸಿನ ಸ್ಕೇಲನ್ನೇ ನೋಡಿ. ತುದಿಯಲ್ಲಿ ಸ್ವಲ್ಪ ಖಾಲಿ ಜಾಗ ಬಿಟ್ಟು ಸೊನ್ನೆ ಶುರುವಾಗುತ್ತದೆ, ಅಲ್ವಾ? ಸೊನ್ನೆ ಗೆರೆಗೆ ಹೊಂದಿಸಬೇಕಾದ್ದು ಆ ಸೊನ್ನೆಯ ಗೀಟನ್ನು, ಸ್ಕೇಲಿನ ತುದಿಯನ್ನಲ್ಲ. ಪ್ಲಾಸ್ಟಿಕ್ ಸ್ಕೇಲನ್ನು ಎರಡು ರಬ್ಬರ್ ಬ್ಯಾಂಡಿನಲ್ಲಿ ಬಿಗಿಯಿರಿ. ಕಾಗದದ ಪಟ್ಟಿ ಒಂದೇ ಮಳೆಗೆ ಕಿತ್ತು ಬರುತ್ತದೆ. ಕಿಟ್ ಅಂತ ಮಾರುವ ಅಗ್ಗದ ಮಳೆಮಾಪಕ ಒಂದನ್ನು ನಾನು ದುಡ್ಡು ಕೊಟ್ಟು ತಂದಿದ್ದೆ. ಅದರ ಗೀಟುಗಳು ಸ್ಕೇಲಿಗೂ ತಾಳೆಯಾಗಲಿಲ್ಲ, ಬಾಯಿಯ ಅಗಲಕ್ಕೂ ತಾಳೆಯಾಗಲಿಲ್ಲ. ಕೊಳ್ಳಬೇಡಿ.

ಎಲ್ಲಿ ಇಡಬೇಕು? ಬಯಲಲ್ಲಿ. ಮರ, ಗೋಡೆ ಎಷ್ಟು ಎತ್ತರವೋ ಅದರ ಎರಡರಷ್ಟು ದೂರದಲ್ಲಿ. ಸೂರಿನ ಕೆಳಗೆ ಬೇಡವೇ ಬೇಡ. ಸುತ್ತ ನಾಲ್ಕು ಇಟ್ಟಿಗೆ ಇಟ್ಟರೆ ಗಾಳಿಗೆ ಬೀಳುವುದಿಲ್ಲ. ಇಟ್ಟಿಗೆಗಿಂತ ಬಾಯಿ ಮೇಲಿರಲಿ, ಇಲ್ಲದಿದ್ದರೆ ಸಿಡಿದ ನೀರೂ ಒಳಗೆ ಸೇರುತ್ತದೆ. ಒಮ್ಮೆ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಓಡಿ ಬಂದು, “ಮಿಸ್, ನಿನ್ನೆ ಮಳೆನೇ ಬಂದಿಲ್ಲ, ಬಾಟ್ಲಲ್ಲಿ ಆರು ಮಿಲಿಮೀಟರ್ ಐತೆ” ಅಂದಳು. ಎಲ್ಲರೂ ಹೋಗಿ ನೋಡಿದೆವು. ಇಟ್ಟಿಗೆಯ ಒಂದು ಬದಿ ಮಾತ್ರ ಒದ್ದೆಯಾಗಿತ್ತು, ಅದರ ನೇರಕ್ಕೆ ಓವರ್‌ಹೆಡ್ ಟ್ಯಾಂಕಿನ ಪೈಪಿತ್ತು. ಆ ಸೋರಿಕೆಯನ್ನು ಅದುವರೆಗೆ ನಾವ್ಯಾರೂ ನೋಡಿರಲಿಲ್ಲ.

ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಅಳೆಯುತ್ತಾರೆ. ಶಾಲೆಯಲ್ಲಿ ಪ್ರಾರ್ಥನೆ ಮುಗಿದ ತಕ್ಷಣ ಅಳೆಯಿರಿ, ದಿನವೂ ಅದೇ ಹೊತ್ತಿಗೆ. ಮಗು ಕೂತು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಓದಬೇಕು. ನಿಂತು ಬಗ್ಗಿ ನೋಡಿದರೆ ತಪ್ಪು ಅಳತೆ ಬರುತ್ತದೆ. ಓದಿದ ಮೇಲೆ ನೀರನ್ನು ಪೂರ್ತಿ ಚೆಲ್ಲಬಾರದು, ಸೊನ್ನೆ ಗೆರೆಯವರೆಗೆ ಮಾತ್ರ. ಬಿಸಿಲಿಗೆ ಗೆರೆಗಿಂತ ಕೆಳಗಿಳಿದಿದ್ದರೆ ಮತ್ತೆ ತುಂಬಿ. ಸೋಮವಾರದ ಅಳತೆಯಲ್ಲಿ ಭಾನುವಾರದ್ದೂ ಸೇರಿದೆ ಅಂತ ಪಕ್ಕದಲ್ಲಿ ಬರೆಯಿರಿ. ಮಲೆನಾಡಿನವರು ದಿನಕ್ಕೆ ಎರಡು ಸಲ ಅಳೆದು ಕೂಡಿಸಿ. ತಳದ ನೀರನ್ನು ವಾರಕ್ಕೊಮ್ಮೆ ತಪ್ಪದೆ ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಮರಿ ಮಾಡುತ್ತದೆ.

ಮಾಳಿಗೆ ಲೆಕ್ಕ

ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಸೀಮೆಸುಣ್ಣದಲ್ಲಿ ನೆಲದ ಮೇಲೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಬರೆದು, ನಡುವೆ ಒಂದು ಲೀಟರಿನ ಬಾಟಲಿ ಇಟ್ಟು ಇದನ್ನು ಹೇಳಿ. ಆಮೇಲೆ ಮಕ್ಕಳೇ ಟೇಪು ಹಿಡಿದು ಕೊಠಡಿ ಅಳೆಯಲಿ. 8 ಮೀಟರ್ ಉದ್ದ, 6 ಮೀಟರ್ ಅಗಲದ ಮಾಳಿಗೆಗೆ 20 ಮಿ.ಮೀ. ಮಳೆ ಬಂದರೆ 960 ಲೀಟರ್. ಬಿಸಿಯೂಟದ ಅಡುಗೆಯಮ್ಮನ ಹತ್ತಿರ ದಿನಕ್ಕೆ ಎಷ್ಟು ಕೊಡ ನೀರು ಬೇಕು ಅಂತ ಕೇಳಿಕೊಂಡು ಬರಲಿ. ಎರಡೂ ಸಂಖ್ಯೆಯನ್ನು ಹಲಗೆ ಮೇಲೆ ಅಕ್ಕಪಕ್ಕ ಬರೆದು ನೀವು ಸುಮ್ನೆ ಇರಿ. ‘ಈ ನೀರು ಎಲ್ಲಿಗೆ ಹೋಗುತ್ತೆ?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ, ಮಾಳಿಗೆಯ ಪೈಪಿನಿಂದ ಚರಂಡಿವರೆಗೆ ನೀರಿನ ದಾರಿ ಹಿಡಿದು ನಡೆಯಿರಿ.

ಅಜ್ಜ ಅಜ್ಜಿಯ ಪಾಲು

ಮಳೆ ಅಳತೆ ಬರೆಯುವ ಪುಸ್ತಕದಲ್ಲಿ ತಾರೀಖಿನ ಪಕ್ಕ ಮಳೆ ನಕ್ಷತ್ರಕ್ಕೂ ಒಂದು ಕಾಲಂ ಇರಲಿ. ಮೃಗಶಿರ ಜೂನ್ ಮೊದಲ ವಾರದ ಕೊನೆಗೆ, ಆರಿದ್ರಾ ಜೂನ್ 21–22ರ ಹೊತ್ತಿಗೆ ಶುರು. ಹೆಸರನ್ನು ನೀವು ಹೇಳಿಕೊಡಬೇಡಿ, ಮನೆಯಲ್ಲಿ ಕೇಳಿಕೊಂಡು ಬರಲಿ. ‘ಆರಿದ್ರಾ ಮಳೆ ಹಿಂದೆ ಹೇಗೆ ಬರುತ್ತಿತ್ತು?’ ಅನ್ನುವ ಪ್ರಶ್ನೆಯನ್ನೂ ಜೊತೆಗೆ ಕಳಿಸಿ.

ಬೇಸಿಗೆ ರಜೆಗೆ ಮುಂಚೆ ಆ ಪುಸ್ತಕವನ್ನು ಬೀರುವಿಗೆ ಹಾಕಿ ಬೀಗ ಹಾಕಬೇಡಿ. ಕೆಳಗಿನ ತರಗತಿಯ ಮಕ್ಕಳ ಕೈಗೆ ಕೊಡಿ. ಸೊನ್ನೆ ಗೆರೆ ಎಲ್ಲಿದೆ, ಯಾಕಿದೆ ಅನ್ನುವುದನ್ನು ದೊಡ್ಡ ಮಕ್ಕಳೇ ಬಾಟಲಿ ಹಿಡಿದು ಅವರಿಗೆ ತೋರಿಸಲಿ.