ಕ್ಲಬ್ ಬಿಟ್ಟವರ ಸುದ್ದಿ ಇಟ್ಟುಕೊಳ್ಳುವ ಕೆಲಸ

ವಾಸ್ಕೊ, ಝುವಾರಿನಗರ, ಮಡಗಾಂವ್‌ಗಳಲ್ಲಿ ನೆಲೆಸಿರುವ ಕನ್ನಡಿಗರ ಪೈಕಿ ಎಫ್‌ಸಿ ಗೋವಾ ಫುಟ್‌ಬಾಲ್ ತಂಡದ ಅಭಿಮಾನಿಗಳಾದ ನಮ್ಮದೊಂದು ವಾಟ್ಸ್‌ಆ್ಯಪ್ ಗುಂಪಿದೆ. ಈಗ ಆಡುತ್ತಿರುವವರ ಸುದ್ದಿ ಯಾರಿಗಾದರೂ ಸಿಗುತ್ತದೆ. ತಂಡ ಬಿಟ್ಟು ಹೋದ ಆಟಗಾರರು ಮತ್ತು ತರಬೇತುದಾರರು ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬುದನ್ನು ಹುಡುಕಿ, ಖಚಿತಪಡಿಸಿಕೊಂಡು ಗುಂಪಿಗೆ ತಿಳಿಸುವ ಕೆಲಸ ನನ್ನದಾಗಿದೆ.

ಇದು ಸುಲಭದ ಕೆಲಸವಲ್ಲವೆಂದು ತಿಳಿದದ್ದು ತರಬೇತುದಾರ ಸೆರ್ಜಿಯೊ ಲೊಬೆರಾ ಅವರ ಕಾಲದಲ್ಲಿ. 2020ರ ಜನವರಿ ಕೊನೆಯಲ್ಲಿ, ಇಂಡಿಯನ್ ಸೂಪರ್ ಲೀಗ್‌ನ ಲೀಗ್ ಹಂತ ಮುಗಿಯುವ ಮೊದಲೇ, ಕ್ಲಬ್ ಅವರನ್ನು ಬಿಡುಗಡೆ ಮಾಡಿತು. ಕ್ಲಿಫರ್ಡ್ ಮಿರಾಂಡಾ ಅವರ ಉಸ್ತುವಾರಿಯಲ್ಲಿ ತಂಡ ಆ ಹಂತದ ಅಗ್ರಸ್ಥಾನಿಗೆ ಕೊಡುವ ಲೀಗ್ ಶೀಲ್ಡ್ ಗೆದ್ದುಕೊಂಡಿತು. ಮುಂದಿನ ಋತುವಿಗೆ ಲೊಬೆರಾ ಮುಂಬೈ ಸಿಟಿಗೆ ಹೋದರು. ನಮ್ಮ ಆಟಗಾರರಾಗಿದ್ದ ಅಹಮದ್ ಜಹೂ, ಹ್ಯೂಗೊ ಬೂಮೂಸ್, ಮುರ್ತಾದಾ ಫಾಲ್, ಗೋವೆಯವರೇ ಆದ ಮಂದಾರ್ ರಾವ್ ದೇಸಾಯಿ ಎಲ್ಲರೂ ಅಲ್ಲಿಗೇ ಸೇರಿದರು. 2021ರ ಮಾರ್ಚ್‌ನಲ್ಲಿ ಅದೇ ಮುಂಬೈ ತಂಡ ಸೆಮಿಫೈನಲ್‌ನ ಪೆನಾಲ್ಟಿ ಶೂಟೌಟ್‌ನಲ್ಲಿ ನಮ್ಮನ್ನು 6-5ರಿಂದ ಸೋಲಿಸಿ, ಬಳಿಕ ನಮ್ಮ ಫತೋರ್ಡಾ ಮೈದಾನದಲ್ಲೇ ಎಟಿಕೆ ಮೋಹನ್ ಬಾಗಾನ್ ತಂಡವನ್ನು 2-1ರಿಂದ ಮಣಿಸಿ ಪ್ರಶಸ್ತಿ ಎತ್ತಿತು. ಕೋವಿಡ್ ಕಾರಣ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಇದ್ದಿದ್ದರೆ ಅಂದು ಯಾರಿಗೆ ಚಪ್ಪಾಳೆ ತಟ್ಟುತ್ತಿದ್ದೆವೋ ನನಗಂತೂ ತಿಳಿಯದು.

ಆ ರಾತ್ರಿ ನಾನು ಸುದ್ದಿ ಹಾಕಿದ ಕೂಡಲೇ ಬಾಗಲಕೋಟೆ ಕಡೆಯ ಹುಡುಗನೊಬ್ಬ ಕೇಳಿದ: “ಅಣ್ಣಾ, ಆ ಮಂದಿ ಸುದ್ದಿ ನಮ್ಮ ಗುಂಪಿನ್ಯಾಗ ಯಾಕ ಹಾಕ್ತೀರಿ?” “ಇಲ್ಲಿ ಆಡಿ ಹೆಸರು ಮಾಡಿದವರಲ್ಲೇನಪಾ ಅವರು?” ಎಂದೆ. ವಾದ ಮಧ್ಯರಾತ್ರಿಯವರೆಗೂ ನಡೆಯಿತು. ಹೋದವರನ್ನು ಟೀಕಿಸಬಹುದು, ಬೈಯುವಂತಿಲ್ಲ ಎಂಬ ನಿಯಮ ಅಂದೇ ಆಯಿತು. 2021ರ ಡಿಸೆಂಬರ್‌ನಲ್ಲಿ, ಡುರಾಂಡ್ ಕಪ್ ಗೆಲ್ಲಿಸಿಕೊಟ್ಟ ತರಬೇತುದಾರ ಹುವಾನ್ ಫೆರಾಂಡೊ ಋತುವಿನ ನಡುವೆಯೇ ಕೋಲ್ಕತ್ತದ ಎಟಿಕೆ ಮೋಹನ್ ಬಾಗಾನ್‌ಗೆ ಹೊರಟಾಗ ಈ ನಿಯಮ ಬಹಳ ಉಪಯೋಗಕ್ಕೆ ಬಂತು. 2023ರಲ್ಲಿ ಅವರ ತಂಡ ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿಯನ್ನು ಸೋಲಿಸಿದ್ದೂ ಫತೋರ್ಡಾದಲ್ಲೇ. ನಮ್ಮಲ್ಲಿ ಬೆಂಗಳೂರಿನ ಮೇಲೆ ಮಮತೆ ಇಟ್ಟುಕೊಂಡವರು ಕಡಿಮೆಯಿಲ್ಲವಾದ್ದರಿಂದ ಅವರಿಗೆ ಅದು ಎರಡು ಪಟ್ಟು ಸಂಕಟವಾಯಿತು.

ಸುದ್ದಿ ಹಾಕುವಾಗ ನಾನು ಮೊದಲು ನೋಡುವುದು ದಿನಾಂಕ. ಎರಡು ವರ್ಷ ಹಿಂದಿನ ವಿಡಿಯೊ ಇಂದಿನದೆಂದು ಓಡಾಡುವುದು ಈ ಕ್ಷೇತ್ರದಲ್ಲಿ ನಿತ್ಯದ ಸಂಗತಿ. ಎರಡನೆಯದಾಗಿ, ಹೊಸ ಕ್ಲಬ್‌ನ ಅಧಿಕೃತ ಪ್ರಕಟಣೆ ಬರುವವರೆಗೆ “ಸೇರಿದರು” ಎಂದು ಬರೆಯುವುದಿಲ್ಲ. ಏಜೆಂಟರು ಬೆಲೆ ಏರಿಸಲು ಹರಿಯಬಿಡುವ ಮಾತುಗಳೂ ಪತ್ರಿಕೆಗಳ ತನಕ ತಲುಪುತ್ತವೆ. ಒಪ್ಪಂದ ಮುಗಿಯಲು ಆರು ತಿಂಗಳಿಗಿಂತ ಕಡಿಮೆ ಅವಧಿ ಉಳಿದಿರುವ ಆಟಗಾರ ಬೇರೆ ಕ್ಲಬ್‌ನೊಡನೆ ಸಹಿ ಹಾಕಲು ಫಿಫಾ ನಿಯಮ ಅವಕಾಶ ಕೊಡುತ್ತದೆ. ನಮ್ಮಲ್ಲಿ ಬಹುಪಾಲು ಒಪ್ಪಂದಗಳು ಮೇ ಕೊನೆಗೆ ಮುಗಿಯುವುದರಿಂದ, ಫೆಬ್ರವರಿಯಲ್ಲಿ ಒಬ್ಬಾತ ಬೇರೆಡೆ ಸಹಿ ಹಾಕಿದ ಸುದ್ದಿ ನಿಜವಾಗಿದ್ದರೂ ಆತ ಇನ್ನೂ ನಮ್ಮ ಆಟಗಾರನೇ. ಅಂಥವನನ್ನು ಆಗಲೇ ಮಾಜಿಗಳ ಪಟ್ಟಿಗೆ ತಳ್ಳಿ ಮರುವಾರ ಅವನ ಗೋಲಿಗೆ ಕುಣಿಯುವುದು ಸರಿ ಕಾಣುವುದಿಲ್ಲ.

ಪ್ರತಿ ಸುದ್ದಿಯ ಜೊತೆ ನಮಗೂ ಅವರಿಗೂ ಇದ್ದ ನಂಟನ್ನು ಒಂದೇ ಸಾಲಿನಲ್ಲಿ ಸೇರಿಸುತ್ತೇನೆ. ಉದಾಹರಣೆಗೆ: “ಫೆರಾನ್ ಕೊರೊಮಿನಾಸ್, 2017ರಿಂದ 2020, ಲೀಗ್‌ನಲ್ಲಿ 57 ಪಂದ್ಯ, 48 ಗೋಲು, ಎರಡು ಬಾರಿ ಅತಿ ಹೆಚ್ಚು ಗೋಲಿನ ಗೋಲ್ಡನ್ ಬೂಟ್.” ಹೊಸದಾಗಿ ಸೇರಿದ ಹುಡುಗರಿಗೆ ಕೊರೊ ಎಂದರೆ ಯಾರೆಂದು ಮತ್ತೆ ವಿವರಿಸಬೇಕಾಗಿಲ್ಲ. ನಮ್ಮ ಮೊದಲ ತರಬೇತುದಾರ ಝಿಕೊ 2018ರಲ್ಲಿ ಜಪಾನಿನ ಕಾಶಿಮಾ ಆಂಟ್ಲರ್ಸ್‌ಗೆ ತಾಂತ್ರಿಕ ನಿರ್ದೇಶಕರಾಗಿ ಮರಳಿದ ಸುದ್ದಿಯನ್ನು ಬ್ರೆಜಿಲ್‌ನ ಪತ್ರಿಕೆಗಳಲ್ಲಿ ಓದಿ ಹೇಳಿದವರು ನಮ್ಮ ಓಣಿಯ ನಿವೃತ್ತ ಟೀಚರ್ ಒಬ್ಬರು. ಅವರದು ಶಾಲೆಯಲ್ಲೇ ಕಲಿತ ಪೋರ್ಚುಗೀಸ್. ಮೊಬೈಲಿನ ಅನುವಾದಕ್ಕಿಂತ ಅವರ ಜಗಲಿಯೇ ನನಗೆ ಹೆಚ್ಚು ಭರವಸೆಯದು, ಚಹಾ ಬೇರೆ ಸಿಗುತ್ತದೆ.

ಕಾಯಿಲೆ ಮತ್ತು ಸಾವಿನ ಸುದ್ದಿಗಳಿಗೆ ಆತುರ ಪಡುವುದಿಲ್ಲ. ಕುಟುಂಬದವರು ತಿಳಿಸುವವರೆಗೆ ಕಾಯುತ್ತೇವೆ. ಆಸ್ಪತ್ರೆಯ ಫೋಟೊ ಹಾಕಿದವರಿಗೆ ಅಳಿಸಲು ಹೇಳುತ್ತೇವೆ.

ದೊಡ್ಡ ಹೆಸರುಗಳ ಸುದ್ದಿ ತಾನಾಗಿಯೇ ಬರುತ್ತದೆ. ಕ್ಲಿಫರ್ಡ್ ಮಿರಾಂಡಾ 2023ರಲ್ಲಿ ಒಡಿಶಾ ತಂಡಕ್ಕೆ ಸೂಪರ್ ಕಪ್ ಗೆದ್ದುಕೊಟ್ಟದ್ದು ಎಲ್ಲ ಕಡೆ ಅಚ್ಚಾಯಿತು. ನಿಜವಾದ ಹುಡುಕಾಟವಿರುವುದು ಸ್ಥಳೀಯ ಆಟಗಾರರ ವಿಷಯದಲ್ಲಿ. ಅರ್ಮಾಂಡೊ ಕೊಲಾಸೊ ಅವರ ಕೈಕೆಳಗೆ ಐದು ಬಾರಿ ರಾಷ್ಟ್ರೀಯ ಲೀಗ್ ಗೆದ್ದ ಡೆಂಪೊ ಆಗಲಿ, ಸಾಲ್ಗಾಂವ್ಕರ್ ಆಗಲಿ, ಇಂಥ ಹಳೆಯ ಕ್ಲಬ್‌ಗಳಿಂದ ಬಂದು ನಮ್ಮ ತಂಡದಲ್ಲಿ ನಾಲ್ಕಾರು ಪಂದ್ಯ ಆಡಿ ಮರೆಯಾದ ಹುಡುಗರ ಬಗ್ಗೆ ಯಾರೂ ಬರೆಯುವುದಿಲ್ಲ. ಒಬ್ಬ ಬ್ಯಾಂಕಿನಲ್ಲಿರುತ್ತಾನೆ, ಇನ್ನೊಬ್ಬ ದುಬೈಗೆ ಹೋಗಿರುತ್ತಾನೆ, ಮತ್ತೊಬ್ಬ ಊರಿನ ಫೆಸ್ತದ (ಚರ್ಚ್ ಹಬ್ಬದ) ಪಂದ್ಯಾವಳಿಯಲ್ಲಿ ಹೊಟ್ಟೆ ಬಂದ ಮೇಲೂ ಆಡುತ್ತಿರುತ್ತಾನೆ.

ಇವರ ಸುದ್ದಿಗೆ ನನ್ನ ಮುಖ್ಯ ಆಸರೆ ಮೈದಾನದ ಕೆಲಸಗಾರರು. ಹುಲ್ಲು ಕತ್ತರಿಸುವವರಲ್ಲಿ, ಗೆರೆ ಎಳೆಯುವವರಲ್ಲಿ ನಮ್ಮ ಕಡೆಯವರಿದ್ದಾರೆ. ಸಂಜೆ ಮಕ್ಕಳಿಗೆ ತರಬೇತಿ ಕೊಡಲು ಹೊಸದಾಗಿ ಯಾರು ಬರುತ್ತಿದ್ದಾರೆ ಎಂಬುದು ಅವರಿಗೆ ಪತ್ರಕರ್ತರಿಗಿಂತ ಮೊದಲೇ ಗೊತ್ತಿರುತ್ತದೆ. ಗದಗ ಕಡೆಯ ಕಾಕಾ ಒಬ್ಬರು ಸುಣ್ಣದ ಡಬ್ಬಿ ಕೆಳಗಿಟ್ಟು, “ನೀವು ಕೇಳ್ತಿದ್ರೆಲ್ಲಾ ಆ ಎಡಗಾಲಿನ ಗಿಡ್ಡ ಹುಡುಗ, ಅವ ಈಗ ಸೀಟಿ ಊದಾಕ ಹತ್ಯಾನ್ರೀ” ಎಂದರು. ಆತ ರೆಫರಿ ಪರೀಕ್ಷೆ ಪಾಸು ಮಾಡಿಕೊಂಡಿದ್ದ. ಮರುವಾರ ಮೈದಾನದಲ್ಲೇ ಅವನನ್ನು ಕಂಡು, ಗುಂಪಿಗೆ ತಿಳಿಸಬಹುದೇ ಎಂದು ಕೇಳಿ, ಒಪ್ಪಿದ ಮೇಲೆ ಸುದ್ದಿ ಹಾಕಿದೆ. ಅಭಿನಂದನೆಗಳಿಗೂ ಮುಂಚೆ ಬಂದ ಪ್ರಶ್ನೆ, ಇನ್ನಾದರೂ ನಮಗೆ ಪೆನಾಲ್ಟಿ ಸಿಗುತ್ತದೆಯೇ ಎಂಬುದು.