ಸಾಲಿನ ಅಂಚು ತಪ್ಪಿದರೆ ಲೆಕ್ಕವೂ ತಪ್ಪುತ್ತದೆ: ಪೈಥಾನ್ ಮೊದಲ ಪಾಠ

ದಾವಣಗೆರೆಯಲ್ಲಿ ಭಾನುವಾರಗಳಂದು ಪಿಯುಸಿ ಮಕ್ಕಳಿಗೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಹೇಳಿಕೊಡುತ್ತೇನೆ. ಬಹುತೇಕರು ಎಡವುವುದು ಒಂದೇ ಕಡೆ: ಸಾಲಿನ ಮೊದಲಿಗೆ ಬಿಡುವ ಖಾಲಿ ಜಾಗದಲ್ಲಿ, ಅಂದರೆ ಅಂಚಿನಲ್ಲಿ. ಸಿ, ಜಾವಾ ಭಾಷೆಗಳಲ್ಲಿ ಆ ಜಾಗ ಓದುವವರ ಅನುಕೂಲಕ್ಕೆ. 1991ರಲ್ಲಿ ಗೈಡೊ ವಾನ್ ರಾಸಮ್ ಹೊರತಂದ ಪೈಥಾನ್‌ನಲ್ಲಿ ಆ ಜಾಗವೇ ವ್ಯಾಕರಣದ ಭಾಗ.

ಪೈಥಾನ್‌ನ ಅಧಿಕೃತ ಜಾಲತಾಣದಲ್ಲಿ ತಂತ್ರಾಂಶ ಉಚಿತ. ಅದರ ಜೊತೆಗೆ ಬರುವ, ಕೋಡ್ ಬರೆದು ಓಡಿಸುವ ಐಡಲ್‌ನಲ್ಲಿ ಹೊಸ ಫೈಲ್ ತೆರೆಯಿರಿ. ಮೊಬೈಲ್ ಆ್ಯಪ್‌ನಲ್ಲಿ ಕಲಿಯಲೇಬೇಡಿ. ಸಣ್ಣ ಪರದೆಯಲ್ಲಿ ಅಂಚು ಕಾಣುವುದಿಲ್ಲ.

ನಮ್ಮ ಕಡೆಯ ಮೆಕ್ಕೆಜೋಳವನ್ನೇ ತೆಗೆದುಕೊಳ್ಳೋಣ. ತೇವಾಂಶ ಶೇ 14 ಮೀರಿದರೆ ಒಣಗಿಸಬೇಕು:

ತೇವ = 16
ಇಫ್ ತೇವ > 14:
    ಪ್ರಿಂಟ್("ಜೋಳ ಒಣಗಿಸಿ")
    ಪ್ರಿಂಟ್("ನಾಳೆ ಮತ್ತೆ ಅಳೆಯಿರಿ")
ಪ್ರಿಂಟ್("ಪರೀಕ್ಷೆ ಮುಗಿಯಿತು")

ಇಫ್ (ಹೀಗಿದ್ದರೆ), ಪ್ರಿಂಟ್ (ಪರದೆಯ ಮೇಲೆ ಅಚ್ಚು ಮಾಡು) ಪದಗಳನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಒತ್ತಬೇಕು. 'ತೇವ' ಎಂಬ ಹೆಸರು ಕನ್ನಡದಲ್ಲೇ ಇರಲಿ, ಪೈಥಾನ್ 3 ಒಪ್ಪುತ್ತದೆ.

ಈಗ ಅಂಚು ನೋಡಿ. ಇಫ್ ಸಾಲಿನ ಕೊನೆಯ ಕೋಲನ್ 'ಇನ್ನು ಮುಂದಿನದು ನನ್ನ ಮನೆಯೊಳಗಿನದು' ಎನ್ನುತ್ತದೆ. ನಾಲ್ಕು ಸ್ಪೇಸ್ ಒಳಗೆ ಸರಿದ ಎರಡು ಸಾಲುಗಳು ಆ ಮನೆಯವು. ಇದನ್ನೇ ಬ್ಲಾಕ್ ಎನ್ನುತ್ತಾರೆ. ಕೊನೆಯ ಸಾಲು ಹೊರಗಿನದು, ತೇವ ಎಷ್ಟಿದ್ದರೂ ಅಚ್ಚಾಗುತ್ತದೆ. ಕೋಲನ್ ಹಾಕಿ ಎಂಟರ್ ಒತ್ತಿದರೆ ಐಡಲ್ ತಾನೇ ಒಳಗೆ ಸರಿಯುತ್ತದೆ. ಹೊರಬರಲು ಬ್ಯಾಕ್‌ಸ್ಪೇಸ್ ಒಮ್ಮೆ ಸಾಕು. ಕೆಲವು ಮಕ್ಕಳು ಅದನ್ನು ಮರೆತು ಕೊನೆಯ ಸಾಲನ್ನೂ ಒಳಗೇ ಬರೆಯುತ್ತಾರೆ. ಆಗ ತೇವ 12 ಇದ್ದರೆ ಪರದೆಯ ಮೇಲೆ ಏನೂ ಬರುವುದಿಲ್ಲ, ದೋಷದ ಸಂದೇಶವೂ ಇಲ್ಲ. ನನಗೆ ಹೆಚ್ಚು ಭಯ ಈ ಮೌನದ ತಪ್ಪಿನದು. ಒಳಗಿನ ಮೊದಲ ಸಾಲು ಸರಿಯದಿದ್ದರೆ ಪೈಥಾನ್ ಕೂಡಲೇ ದೂರುತ್ತದೆ, ತಿದ್ದಿಕೊಳ್ಳಬಹುದು.

ಒಂದು ಸಾಲಿಗೆ ಟ್ಯಾಬ್, ಇನ್ನೊಂದಕ್ಕೆ ಸ್ಪೇಸ್ ಬೇಡ. ಕಣ್ಣಿಗೆ ಎರಡೂ ಒಂದೇ, ಪೈಥಾನ್‌ಗೆ ಅಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕೋಡ್ ನಕಲಿಸಿ ಅಂಟಿಸುವುದನ್ನೂ ಬಿಡಿ: ಅಂಚು ಕಳಚಿಹೋಗಿರಬಹುದು, ನೇರ ಉದ್ಧರಣ ಚಿಹ್ನೆ ಬಾಗಿದ ಚಿಹ್ನೆಯಾಗಿರಬಹುದು. ಐದೇ ಸಾಲು, ಕೈಯಿಂದಲೇ ಒತ್ತಿ.

ಫೈಲ್ ಉಳಿಸಿ ಎಫ್5 ಒತ್ತಿ. ತೇವ 16, 12, 14 ಹೀಗೆ ಮೂರು ಸಲ ಓಡಿಸಿ. 14ಕ್ಕೆ ಯಾವ ಸಾಲು ಅಚ್ಚಾಗಬೇಕು ಎಂಬುದನ್ನು ಓಡಿಸುವ ಮೊದಲೇ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.